ಎರಡು ಸಲ ಹಾರ್ನ್

ಊರಿನ ಅರ್ಧ ಮಕ್ಕಳು ಅವನಿಗೆ ಅಳಿಯ ಸೊಸೆಯರೇ ಎಂದು ಕೆಳಮನೆಯ ಅಜ್ಜಿ ನಗುತ್ತಿದ್ದಳು. ಶಿಶುವಿಹಾರದ ವ್ಯಾನ್ ಓಡಿಸಲು ಸೇರಿದ ವಾರದಲ್ಲೇ ಯಾವುದೋ ಮಗು ಅವನನ್ನು ‘ವ್ಯಾನ್ ಮಾಮ’ ಎಂದು ಕರೆಯಿತು. ಮಗುವಿನ ಬಾಯಿಂದ ಅದು ತಾಯಂದಿರ ಬಾಯಿಗೆ ಬಂತು, ಅಲ್ಲಿಂದ ಟೀಚರಿಗೆ, ಬ್ರೆಡ್ ಅಂಗಡಿಯವನಿಗೆ, ಕೊನೆಗೆ ಅವನ ಹೆಂಡತಿಗೂ ಅದೇ ರೂಢಿಯಾಯಿತು. “ವ್ಯಾನ್ ಮಾಮಾ, ಊಟ ಆರ್ತಾ ಇದೆ, ಇಳೀತೀರೋ ಇಲ್ಲ ಹಾರ್ನ್ ಹೊಡೀಲೋ?” ಎಂದು ಅವಳು ಅಡುಗೆಮನೆಯಿಂದ ಕೂಗುತ್ತಿದ್ದಳು.

ಉದ್ದನೆಯ, ತೆಳ್ಳಗಿನ ಆಳು. ಮಾತು ಕಡಿಮೆ. ಆಡುವ ಮಾತನ್ನೂ ಕನ್ನಡಿಗೆ ಆಡುತ್ತಿದ್ದ. ಸೀಟಿನಲ್ಲಿ ಕೂತಮೇಲೆ ಅವನು ಹಿಂದಕ್ಕೆ ಕತ್ತು ತಿರುಗಿಸಿದ್ದನ್ನು ಯಾರೂ ಕಂಡಿರಲಿಲ್ಲ. ಮಕ್ಕಳು ಮಾಡುವ ಎಲ್ಲ ತಂಟೆಯನ್ನೂ ತಲೆಯ ಮೇಲಿನ ಆ ಅಗಲ ಕನ್ನಡಿಯಲ್ಲೇ ನೋಡಿ, ಅಲ್ಲಿಂದಲೇ ಗದರಿ, ಅಲ್ಲಿಂದಲೇ ಸಮಾಧಾನ ಮಾಡುತ್ತಿದ್ದ. ಅವನ ಕೆಲವು ನಿಯಮಗಳಿದ್ದವು. ಹೊರಡುವ ಮೊದಲು ಬಗ್ಗಿ ನಾಲ್ಕೂ ಚಕ್ರದಡಿ ನೋಡಬೇಕು, ಬೆಕ್ಕು ಮಲಗಿರುತ್ತದೆ. ಗಾಡಿ ಓಡುವಾಗ ಫೋನು ಆರಿ, ಮುಂದಿನ ಡಬ್ಬಿಯಲ್ಲಿ ಇರಬೇಕು. ಇನ್ನೊಂದು, ಬಾಗಿಲಿನ ನಿಯಮ. ಪ್ರತಿ ನಿಲ್ದಾಣದಲ್ಲೂ ಜಾರುಬಾಗಿಲನ್ನು ಎಳೆಯುವ ಮೊದಲು “ಎಲ್ಲರ ಕೈ ಎಲ್ಲಿ?” ಎಂದು ಕೇಳುತ್ತಿದ್ದ. ಮಕ್ಕಳೆಲ್ಲ “ತಲೆ ಮೇಲೆ!” ಎಂದು ಕಿರುಚಿ ಎರಡೂ ಕೈ ತಲೆಯ ಮೇಲಿಟ್ಟುಕೊಳ್ಳಬೇಕು. ಆಮೇಲೆಯೇ ಬಾಗಿಲು ಮುಚ್ಚುವುದು. ಇಷ್ಟು ವರ್ಷದಲ್ಲಿ ಅವನ ಬಾಗಿಲಿಗೆ ಒಂದು ಮಗುವಿನ ಉಗುರೂ ಸಿಕ್ಕಿಕೊಂಡಿರಲಿಲ್ಲ.

ಅವನಿಗೂ ಒಬ್ಬಳು ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದಳು. ಆದರೆ ಅತ್ತರೆ ಬೀದಿಯ ಕೊನೆಗೆ ಕೇಳುತ್ತಿತ್ತು. “ಮೆಣಸಿನ ಕಾಳು ಕಣ್ರೀ ಇದು,” ಎಂದಿದ್ದಳು ಅವನ ಹೆಂಡತಿ. ಮೆಣಸು ಉದುರಿಹೋಗಿ ಕಾಳು ಉಳಿಯಿತು. ಮನೆಯಲ್ಲಿ, ಬೀದಿಯಲ್ಲಿ ಎಲ್ಲರಿಗೂ ಅವಳು ಕಾಳು.

ಅವರದು ಮೇಲ್ಮನೆ. ಹೊರಗಿನಿಂದಲೇ ಮೆಟ್ಟಿಲು. ಮೆಟ್ಟಿಲಿಳಿದರೆ ಬೀದಿಗೆ ಅಂಟಿಕೊಂಡಂತೆ ಒಂದು ಅಗಲವಾದ ಕಲ್ಲು, ಪಕ್ಕದಲ್ಲೇ ಅಜ್ಜಿಯ ಕಿಟಕಿ. ಕಾಳುವಿನ ಅಮ್ಮ ಬೇಕರಿಯಲ್ಲಿ ಮಧ್ಯಾಹ್ನದ ಪಾಳಿ ಮುಗಿಸಿ ಬಂದಮೇಲೆ, ಸಂಜೆ ಆ ಕಲ್ಲಿನ ಮೇಲೆ ಒಂದು ಆಟ ನಡೆಯುತ್ತಿತ್ತು. ಕಾಳು ಹಳೆಯ ಕೈಚೀಲವೊಂದನ್ನು ಬೆನ್ನಿಗೆ ಹಾಕಿಕೊಂಡು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಬೇಕು. ಅಮ್ಮ ಪಾತ್ರೆಯ ಮುಚ್ಚಳವನ್ನು ಸ್ಟೇರಿಂಗ್ ಮಾಡಿಕೊಂಡು ಬೀದಿಯ ತಿರುವಿನಿಂದ ಬುರ್‍ರೆಂದು ಬರಬೇಕು. ಬಂದು ನಿಂತು, “ಪೀಂ ಪೀಂ!” ಎರಡು ಸಲ. “ಎಲ್ಲರ ಕೈ ಎಲ್ಲಿ?” “ತಲೆ ಮೇಲೆ!” ಆಮೇಲೆ ಇಬ್ಬರೂ ಬೀದಿಯುದ್ದ ಓಡುವುದು. ಕಿಟಕಿಯಿಂದ ಅಜ್ಜಿ, “ಟಿಕೆಟ್ ಇಲ್ದೆ ಕರ್ಕೊಂಡು ಹೋಗ್ಬೇಡ್ವೇ, ಗಾಡಿ ಮುಳುಗತ್ತೆ!” ಎಂದು ಕೂಗುವಳು.

“ನೀನು ಶಾಲೆಗೆ ಸೇರೋ ದಿನ ಅಪ್ಪನ ನಿಜವಾದ ವ್ಯಾನ್ ಇಲ್ಲಿಗೇ ಬರತ್ತೆ,” ಎಂದು ಅಮ್ಮ ಹೇಳಿದ್ದಳು. “ನೀನು ಇಲ್ಲೇ ನಿಂತಿರ್ಬೇಕು. ನಿಂಗೇ ಅಂತ ಎರಡು ಸಲ ಹಾರ್ನ್ ಹೊಡೀತಾರೆ.”

ಹೋದ ಚಳಿಗಾಲದಲ್ಲಿ ಹೊಟ್ಟೆನೋವೆಂದು ಮಲಗಿದ ಅಮ್ಮ ಮತ್ತೆ ಏಳಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ಅವಳು ಆಡಿದ ಕೊನೆಕೊನೆಯ ಮಾತುಗಳಲ್ಲಿ ದೊಡ್ಡದೇನೂ ಇರಲಿಲ್ಲ. ಹಾಲಿನವನಿಗೆ ಹೇಳುವುದು, ಮಗುವಿನ ಸ್ವೆಟರ್ ಎಲ್ಲಿದೆ ಎನ್ನುವುದು. ಅದರ ನಡುವೆ ಒಮ್ಮೆ ನಕ್ಕು ಹೇಳಿದಳು: “ರೀ, ಮೊದಲನೇ ದಿನ ಹಾರ್ನ್ ಮರೀಬೇಡಿ. ನಾನು ಮಾತು ಕೊಟ್ಟಾಗಿದೆ.”

“ನೀನೇ ನಿಂತ್ಕೊಂಡು ನೋಡ್ತೀಯ, ಸುಮ್ನಿರು,” ಎಂದ ಅವನು. ಅವಳು ಗೋಡೆಯ ಕಡೆ ನೋಡಿದಳು.

ಆಮೇಲೆ ಬೆಳಗಿನ ಹೊತ್ತು ಕಾಳುವನ್ನು ನೋಡಿಕೊಂಡವಳು ಅಜ್ಜಿ. ಅವನು ಕತ್ತಲಿರುವಾಗಲೇ ಎದ್ದು, ಮಲಗಿರುವ ಮಗುವನ್ನು ಹೊದಿಕೆಯ ಸಮೇತ ಎತ್ತಿ ತಂದು ಅಜ್ಜಿಯ ಮಂಚದ ಮೇಲೆ ಮಲಗಿಸಿ, ಸೇತುವೆಯಾಚೆಗಿನ ಶೆಡ್ಡಿಗೆ ನಡೆದು ಹೋಗುತ್ತಿದ್ದ. ವ್ಯಾನ್ ಇರುವುದು ಅಲ್ಲಿ. ಅಲ್ಲಿಂದ ಹೊರಟು ಬೇರೆಯವರ ಮಕ್ಕಳನ್ನು ಒಬ್ಬೊಬ್ಬರಾಗಿ ಎತ್ತಿಕೊಳ್ಳುವುದು. ಮಗಳನ್ನು ಬಿಟ್ಟು ಹೋಗುವುದು ಹೀಗೆ ಅವನಿಗೆ ದಿನದ ಮೊದಲ ಕೆಲಸವಾಗಿಬಿಟ್ಟಿತ್ತು. ಅದು ರೂಢಿಯಾಗುತ್ತಿದೆ ಎಂದು ಅವನಿಗೆ ತಿಳಿಯಲಿಲ್ಲ.

ರಜೆ ಮುಗಿಯಿತು. ಕಾಳು ಶಿಶುವಿಹಾರಕ್ಕೆ ಹೋಗುವ ಮೊದಲ ದಿನ ಬಂತು.

ಅವಳು ಅವನಿಗಿಂತ ಮೊದಲೇ ಎದ್ದಿದ್ದಳು. ಹೊಸ ನೀಲಿ ಲಂಗ, ಬಿಳಿ ಅಂಗಿ, ಕಾಲಿಗೆ ತುಸು ದೊಡ್ಡದಾದ ಬೂಟು. ಜಡೆ ಹಾಕುವುದನ್ನು ಅವನು ಹೆಂಡತಿ ಹೋದಮೇಲೆ ಕಲಿತದ್ದು. ಎರಡು ಸಲ ಬಿಚ್ಚಿ ಮತ್ತೆ ಹಾಕಿದ. ಕೆಳಗೆ ಇಳಿದಾಗ ಅಜ್ಜಿ ಕಿಟಕಿಯಿಂದ ಮುಖ ಹೊರಗಿಟ್ಟು ನೋಡಿದಳು.

“ಇದೇನೋ ಇದು? ಒಂದು ಜಡೆ ಆಕಾಶ ನೋಡ್ತಿದೆ, ಇನ್ನೊಂದು ಭೂಮಿ ನೋಡ್ತಿದೆ.”

“ಎರಡೂ ಕಡೆ ನೋಡ್ಬೇಕಲ್ಲ ಅಜ್ಜಿ,” ಎಂದಳು ಕಾಳು.

ಅವನು ಒಂದು ಮಾತು ಕೇಳಿ ನೋಡಿದ. “ಪುಟ್ಟಾ, ನನ್ನ ಜೊತೆನೇ ಶೆಡ್ಡಿಗೆ ಬಂದ್ಬಿಡ್ತೀಯಾ? ಮುಂದಿನ ಸೀಟಲ್ಲಿ ಕೂತ್ಕೋಬಹುದು.”

ಕಾಳು ಅವನನ್ನು ಏನೂ ತಿಳಿಯದವನನ್ನು ನೋಡುವಂತೆ ನೋಡಿದಳು. “ವ್ಯಾನ್ ಮಕ್ಕಳು ಶೆಡ್ಡಿಗೆ ಹೋಗ್ತಾರಾ? ಮನೆ ಮುಂದೆ ನಿಂತಿರ್ತಾರೆ. ಅಮ್ಮ ಹೇಳಿಲ್ವಾ ನಿಂಗೆ?”

“ಹೇಳಿದಾಳೆ.”

“ಎಷ್ಟು ಸಲ?”

“ಎರಡು ಸಲ ಹಾರ್ನ್.”

“ಹಾಂ.”

ಅವನು ಅವಳನ್ನು ಕಲ್ಲಿನ ಮೇಲೆ ನಿಲ್ಲಿಸಿ, ಚೀಲದ ಪಟ್ಟಿ ಸರಿಮಾಡಿದ. ಬೀದಿಯಲ್ಲಿ ಆಗಲೇ ಹಾಲಿನ ಗಾಡಿ, ಸೈಕಲ್ಲು ಓಡಾಡುತ್ತಿದ್ದವು. ಅದನ್ನು ನೋಡಿ ಹೇಳಿದ: “ನಾನು ಬರೋವರ್ಗೂ ಈ ಕಲ್ಲಿಂದ ಇಳೀಬಾರ್ದು. ಏನಾದ್ರೂ ಆಗ್ಲಿ.”

“ಏನಾದ್ರೂ ಆಗ್ಲಿ,” ಎಂದಳು ಕಾಳು.

“ನಾನಿದೀನಿ ಹೋಗೋ,” ಎಂದಳು ಅಜ್ಜಿ. “ಮಗನೇ, ನಿನ್ನ ವ್ಯಾನು ಬರೋದ್ರೊಳಗೆ ನಾನು ಒಂದು ಕಾಲುಚೀಲ ಹೆಣೆದು ಮುಗಿಸ್ತೀನಿ.”

ಶೆಡ್ಡಿನಲ್ಲಿ ವ್ಯಾನ್ ಏಳಲಿಲ್ಲ. ರಜೆಯುದ್ದಕ್ಕೂ ನಿಂತು ಬ್ಯಾಟರಿ ಸತ್ತಿತ್ತು. ಕೀಲಿ ತಿರುಗಿಸಿದರೆ ಒಳಗಿನಿಂದ ಮುದುಕನ ಕೆಮ್ಮಿನಂಥ ಸದ್ದು. ಪಕ್ಕದ ಟಯರ್ ಅಂಗಡಿಯವನು ಹಲ್ಲುಜ್ಜುತ್ತಲೇ ಬಂದು ನಿಂತ. “ಮಾಮ, ನಿನ್ನ ಗಾಡಿಗೂ ಮೊದಲನೇ ದಿನ ಶಾಲೆಗೆ ಹೋಗಕ್ಕೆ ಮನಸ್ಸಿಲ್ಲ ನೋಡು. ಒಂದು ಚಾಕ್ಲೇಟ್ ಕೊಟ್ಟು ನೋಡು.” ತಮಾಷೆ ಮಾಡಿದನೇ ಹೊರತು ಕೈಬಿಡಲಿಲ್ಲ. ತನ್ನ ಬಳಿಯಿದ್ದ ಬ್ಯಾಟರಿ ತಂದು, ತಂತಿ ಸಿಕ್ಕಿಸಿ, ಬೈದು, ಒದ್ದು, ಕೊನೆಗೆ ಗಾಡಿ ಎದ್ದಿತು. ಅಷ್ಟು ಹೊತ್ತಿಗೆ ಬಿಸಿಲು ಶೆಡ್ಡಿನ ಒಳಗೆ ಬಂದಿತ್ತು. ಅವನು ಎಂದೂ ತಡಮಾಡಿದವನಲ್ಲ. ಕೈ ಒರೆಸಿಕೊಂಡು, ಚಕ್ರದಡಿ ನೋಡಿ, ಫೋನು ಆರಿಸಿ ಡಬ್ಬಿಗೆ ಹಾಕಿ ಹೊರಟ.

ಸೇತುವೆ ದಾಟಿದರೆ ನೀರಿನ ಟ್ಯಾಂಕು. ಅಲ್ಲಿ ರಸ್ತೆ ಎರಡಾಗುತ್ತದೆ. ಬಲಕ್ಕೆ ಅವನ ಮನೆ. ಎಡಕ್ಕೆ ವ್ಯಾನಿನ ದಾರಿ. ಹಿಂದಿನ ದಿನ ಅವನು ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿಕೊಂಡಿದ್ದ, ಟ್ಯಾಂಕಿನ ಹತ್ತಿರ ಬಲಕ್ಕೆ, ಮೊದಲು ಕಾಳು, ಆಮೇಲೆ ಉಳಿದವರು. ಆದರೆ ವರ್ಷಗಟ್ಟಲೆ ಆ ತಿರುವಿನಲ್ಲಿ ಎಡಕ್ಕೆ ತಿರುಗಿದ ಕೈ ಅದು. ಗಾಣದ ಎತ್ತಿಗೆ ಯಾರೂ ದಾರಿ ಹೇಳಬೇಕಿಲ್ಲ. ಮೊದಲ ನಿಲ್ದಾಣದ ತಾಯಿ ಏನನ್ನುವಳೋ ಎಂದು ತಲೆ ಯೋಚಿಸುತ್ತಿತ್ತು. ಕೈ ಎಡಕ್ಕೆ ತಿರುಗಿತು.

ತಿರುವಿನಾಚೆ ಆಯಾ ಹತ್ತಿದಳು. ಮಕ್ಕಳನ್ನು ಹತ್ತಿಸಿ ಇಳಿಸುವ, ಮೂಗೊರೆಸುವ, ಯಾರ ಬಾಟಲಿ ಯಾರದೆಂದು ತೀರ್ಮಾನಿಸುವ ದಪ್ಪನೆಯ ಹೆಂಗಸು. “ಏನ್ ಮಾಮಾ ಇವತ್ತು, ಸೂರ್ಯನೇ ನಿಮಗಿಂತ ಮೊದ್ಲು ಬಂದ!” ಎಂದಳು. ಅವನು ಬ್ಯಾಟರಿ ಎಂದ. ಮುಂದಿನದನ್ನು ಹೇಳಲು ಪುರುಸೊತ್ತಿರಲಿಲ್ಲ.

ವರ್ಷದ ಮೊದಲ ದಿನವೆಂದರೆ ವ್ಯಾನಿನಲ್ಲಿ ಅಳುವಿನ ಸಂತೆ. ಹಳೆಯ ಮಕ್ಕಳು ಹತ್ತಿ ಕೂತುಬಿಡುತ್ತಾರೆ. ಹೊಸ ಮಕ್ಕಳು ತಾಯಿಯ ಕುತ್ತಿಗೆ ಬಿಡುವುದಿಲ್ಲ. ಮಕ್ಕಳಿಗಿಂತ ತಾಯಂದಿರು ಹೆಚ್ಚು. “ಮಾಮಾ, ಇವನನ್ನ ಹಿಂದೆ ಕೂರಿಸ್ಬೇಡಿ, ವಾಂತಿ ಮಾಡ್ತಾನೆ.” “ಮಾಮಾ, ಇವಳಿಗೆ ಕಿಟಕಿ ಬೇಡ, ತಲೆ ಹೊರಗೆ ಹಾಕ್ತಾಳೆ.” ಅಳುವವರಿಗೆ ಅವನದೊಂದು ಉಪಾಯವಿತ್ತು. “ಈ ಗಾಡಿ ನಾನು ಹೇಳಿದ್ರೆ ಹೊರಡಲ್ಲ. ಹೊಸಬರು ಹೇಳ್ಬೇಕು. ಹೇಳು, ಹೋಗೋಣ ಅಂತ,” ಎಂದು ಕನ್ನಡಿಯಲ್ಲಿ ಕೇಳುತ್ತಿದ್ದ. ಬಿಕ್ಕುತ್ತಿದ್ದ ಮಗು ನಂಬದೆ ನೋಡಿ, ಸಣ್ಣಗೆ “ಹೋಗೋಣ” ಎನ್ನುತ್ತಿತ್ತು. ಗಾಡಿ ಹೊರಡುತ್ತಿತ್ತು. ತಾನೇ ಇಷ್ಟು ದೊಡ್ಡ ಗಾಡಿಯನ್ನು ಹೊರಡಿಸಿದೆ ಎನ್ನುವ ಬೆರಗಿನಲ್ಲಿ ಅಳು ನಿಂತುಹೋಗುತ್ತಿತ್ತು.

ಆ ದಿನ ಒಬ್ಬೊಬ್ಬರಿಗೂ ಅವನು ಹಾಗೆ ಮಾಡಿದ. ಕೊನೆಯ ನಿಲ್ದಾಣದಲ್ಲಿ ಒಬ್ಬ ಹುಡುಗ ರಸ್ತೆಯಲ್ಲೇ ಮಲಗಿಬಿಟ್ಟ. ಅವನು ತಾನೇ ಇಳಿದು ಬಂದು, ಹುಡುಗನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಏನೋ ಹೇಳಿ ನಗಿಸಿ ಎತ್ತಿಕೊಂಡು ಬಂದ. ಸೀಟಿಗೆ ಹತ್ತಿ ಕನ್ನಡಿಯಲ್ಲಿ ನೋಡಿದ.

“ಎಲ್ಲರ ಕೈ ಎಲ್ಲಿ?”

“ತಲೆ ಮೇಲೆ!”

ಕನ್ನಡಿಯ ತುಂಬ ತಲೆಗಳು, ತಲೆಗಳ ಮೇಲೆ ಪುಟ್ಟ ಕೈಗಳು. ಒಂದು ಮಗುವೂ ಅಳುತ್ತಿರಲಿಲ್ಲ. ಬ್ಯಾಟರಿ ಕೈಕೊಟ್ಟರೂ ಎಲ್ಲ ಸರಿಹೋಯಿತಲ್ಲ ಎಂದು ಅವನ ಮುಖ ಅರಳಿತು. ಆಯಾ ಬಾಗಿಲೆಳೆದು ಉಸ್ಸೆಂದು ಕೂತು ಹೇಳಿದಳು: “ಸರಿ, ಇನ್ನು ನಮ್ಮ ಕಾಳು ಒಬ್ಬಳೇ ಬಾಕಿ, ಅಲ್ವಾ ಮಾಮಾ?”

ಗಾಡಿ ಹೊರಟಿತ್ತು. ಮುಂದೆ ಸಿಗ್ನಲ್ ಕೆಂಪಾಗಿತ್ತು. ಅವನು ಗಾಡಿ ನಿಲ್ಲಿಸಿ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡ. ಅಲ್ಲಿಂದ ಎಡಕ್ಕೆ ಶಿಶುವಿಹಾರ, ಗೇಟು ಕಾಣುವಷ್ಟು ಹತ್ತಿರ. ಮನೆ ಊರಿನ ಇನ್ನೊಂದು ತುದಿಯಲ್ಲಿ. ತಿರುಗಿಸಿಬಿಡೋಣ ಎಂದು ಒಂದು ಮನಸ್ಸು. ಆದರೆ ಕನ್ನಡಿಯಲ್ಲಿ ಇದ್ದವರೆಲ್ಲ ಬೇರೆಯವರ ಮಕ್ಕಳು. ವಾಂತಿ ಮಾಡುವವನು, ತಲೆ ಹೊರಹಾಕುವವಳು, ಈಗತಾನೇ ಅಳು ನುಂಗಿದವನು. ಗೇಟಿನಲ್ಲಿ ಅವರಿಗಾಗಿ ಕಾದಿರುವ ಟೀಚರು. ಗಾಡಿಯಲ್ಲಿರುವವರನ್ನು ಮೊದಲು ಮುಟ್ಟಿಸಬೇಕು. ಇಷ್ಟು ವರ್ಷ ಅವನು ನಡೆದುಕೊಂಡದ್ದು ಹಾಗೆ.

“ಆಯಮ್ಮಾ,” ಎಂದ. “ಡಬ್ಬಿಯಿಂದ ಆ ಫೋನ್ ತೆಗೆದು ಕೆಳಮನೆ ಅಜ್ಜಿಗೆ ಮಾಡಿ.”

ಆಯಾಗೆ ಅರ್ಥವಾಯಿತು. “ಅಯ್ಯೋ ಮಾಮಾ,” ಎಂದು ಬಾಯಿಗೆ ಕೈಯಿಟ್ಟುಕೊಂಡಳು. “ನೀವು ಕೊನೇಲಿ ಹತ್ತಿಸ್ಕೊಳ್ತೀರೇನೋ ಅಂದ್ಕೊಂಡೆ ನಾನು.” ಅವಳ ಕಣ್ಣಲ್ಲಿ ನೀರು ಬಂತು. ಫೋನು ಹಚ್ಚಿ ಅವನ ಕಿವಿಗೆ ಹಿಡಿದಳು.

“ಎಲ್ಲಿ ಹಾಳಾಗಿ ಹೋಗಿದೀಯೋ?” ಅಜ್ಜಿಯ ದನಿ ಹಿಂದಿನ ಸೀಟಿಗೂ ಕೇಳಿಸಿತು. “ಎಷ್ಟು ಸಲ ಮಾಡ್ಲಿ ಫೋನು? ಮಗು ಕಂಬ ನಿಂತ ಹಾಗೆ ನಿಂತಿದೆ. ಒಳಗ್ ಬಾ ಅಂದ್ರೆ ಬರಲ್ಲ. ಸ್ಟೂಲ್ ಹಾಕಿದ್ರೆ ಕೂರಲ್ಲ. ಏನಾದ್ರೂ ಆಗ್ಲಿ ಅಂತ ಅಪ್ಪ ಹೇಳಿದಾನೆ ಅಂತ ನಂಗೇ ಬುದ್ಧಿ ಹೇಳ್ತಾಳೆ. ತಗೋ, ನೀನೇ ಮಾತಾಡು.”

ಫೋನು ಕೈ ಬದಲಾದ ಸದ್ದು. ಆಮೇಲೆ, “ಅಪ್ಪಾ, ವ್ಯಾನ್ ಕೆಟ್ಟೋಯ್ತಾ?”

ಸಿಗ್ನಲ್ ಹಸಿರಾಯಿತು. ಹಿಂದಿನ ಗಾಡಿಗಳು ಬೊಬ್ಬೆ ಹೊಡೆದವು. ಅವನು ನೇರ ಮುಂದೆ ನೋಡುತ್ತ ಹೇಳಿದ: “ಹೂಂ ಪುಟ್ಟಾ. ಕೆಟ್ಟೋಗಿದೆ. ಸರಿಮಾಡಿಸ್ಕೊಂಡು ಈಗ ಬರ್ತೀನಿ.”

“ಹಾಗಾದ್ರೆ ಸರಿ,” ಎಂದಳು ಕಾಳು.

ಬೆಳಿಗ್ಗೆ ಕೆಟ್ಟಿದ್ದು ನಿಜವೇ ತಾನೇ ಎಂದು ಅವನು ತನಗೆ ಹೇಳಿಕೊಂಡ. ಸಮಾಧಾನವಾಗಲಿಲ್ಲ. ಅವನ ಹಿಂದಿನ ಸೀಟಿನಲ್ಲಿ ಒಬ್ಬ ಹಳೆಯ ಹುಡುಗ ಕೂತಿದ್ದ. ಅವನ ಬಾಯಿ ನಿಲ್ಲುವುದೇ ಇಲ್ಲವೆಂದು ಆಯಾ ಅವನಿಗೆ ‘ರೇಡಿಯೋ’ ಎಂದು ಹೆಸರಿಟ್ಟಿದ್ದಳು. ರೇಡಿಯೋ ಬಾಯಿ ಮುಚ್ಚಿಕೊಂಡು, ಕಿವಿ ತೆರೆದುಕೊಂಡು, ಎಲ್ಲವನ್ನೂ ಕೇಳಿದ.

ಮಕ್ಕಳನ್ನು ಗೇಟಿನಲ್ಲಿ ಇಳಿಸಿ ಅವನು ಹಿಂದಿರುಗಿದ. ಖಾಲಿ ವ್ಯಾನ್ ಗುಂಡಿಗಳಲ್ಲಿ ಗಡಗಡ ಸದ್ದು ಮಾಡಿತು. ಎಂದೂ ವೇಗ ಮಾಡದವನು ವೇಗ ಮಾಡಿದ. ಬೀದಿಯ ತಿರುವಿನಲ್ಲಿ ಅವಳು ಕಂಡಳು. ಕಲ್ಲಿನ ಮೇಲೆ, ಚೀಲ ಬೆನ್ನಿಗೆ, ಕೈ ಪಟ್ಟಿಯ ಮೇಲೆ. ಆಕಾಶ ನೋಡುವ ಜಡೆಯೂ ಈಗ ಬಾಡಿ ಕೆಳಗೆ ನೋಡುತ್ತಿತ್ತು. ಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು. ಅವನು ಗಾಡಿ ನಿಲ್ಲಿಸಿ ಹಾರ್ನ್ ಒತ್ತಿದ. ಒಂದು. ಎರಡು.

ಕಾಳು ನಕ್ಕಳು. ಆದರೆ ಕದಲಲಿಲ್ಲ. ಕಿಟಕಿಯಿಂದ ಅಜ್ಜಿ ಏನೂ ಬೈಯಲಿಲ್ಲ, ಕಣ್ಣಿನಿಂದ ಕೆಳಗೆ ತೋರಿಸಿದಳು. ಲಂಗದ ಅಂಚು, ಕಾಲುಚೀಲ, ಬೂಟು ಎಲ್ಲ ಒದ್ದೆ. ಕಲ್ಲಿನ ಮೇಲೆ ಅರ್ಧ ಒಣಗಿದ ಕಲೆ.

“ಇಳೀಬಾರ್ದು ಅಂದಿದ್ಯಲ್ಲ,” ಎಂದಳು ಕಾಳು.

ಅವನು ಅವಳನ್ನು ಎತ್ತಿಕೊಂಡು ಮೇಲೆ ಹೋಗಿ ತೊಳೆದು ಬಟ್ಟೆ ಬದಲಿಸಿದ. ಸಮವಸ್ತ್ರ ಒಂದೇ ಇದ್ದದ್ದು. ಮನೆಯಲ್ಲಿ ಹಾಕುವ ಕೆಂಪು ಫ್ರಾಕು ತೊಡಿಸಿದ. ಅವಳು ಎಲ್ಲದಕ್ಕೂ ಕೈ ಎತ್ತಿ, ಕಾಲು ಎತ್ತಿ ಸಹಕರಿಸಿದಳು. ಒಂದೇ ಒಂದು ಸಲ ಕೇಳಿದಳು: “ಎಲ್ಲರೂ ನೀಲಿ ಇರ್ತಾರಾ?” ಅವನು ಹೂಂ ಎಂದ. “ಹಾಗಾದ್ರೆ ನಿಂಗೆ ನಾನು ಬೇಗ ಸಿಗ್ತೀನಿ,” ಎಂದಳು.

ಕೆಳಗೆ ಬಂದು ಅವಳು ಮತ್ತೆ ಕಲ್ಲಿನ ಮೇಲೆ ನಿಂತಳು. ಆಟ ಕೆಡಬಾರದಲ್ಲ. ಅವನು ಸೀಟಿಗೆ ಹೋಗಿ ಮತ್ತೆ ಎರಡು ಸಲ ಹಾರ್ನ್ ಹೊಡೆದ. ಅವಳು ತಾನೇ ಹತ್ತಿ, ಖಾಲಿ ಸೀಟುಗಳ ಸಾಲಿನ ಮಧ್ಯದಲ್ಲಿ ಕೂತಳು. ಅವನು ಇಳಿದು ಬಂದು ಬಾಗಿಲಿಗೆ ಕೈಹಾಕಿದ. ಕೇಳಬೇಕಾದ್ದನ್ನು ಕೇಳುವುದು ಮರೆತ. ನೋಡಿದರೆ ಒಳಗೆ ಅವಳು ಆಗಲೇ ಎರಡೂ ಕೈ ತಲೆಯ ಮೇಲಿಟ್ಟುಕೊಂಡು, ಅವನು ಬಾಗಿಲು ಮುಚ್ಚುವುದನ್ನು ಕಾಯುತ್ತಿದ್ದಳು.

ಶಿಶುವಿಹಾರದ ಗೇಟು ಮುಚ್ಚಿತ್ತು. ಟೀಚರು ಬಂದು ತೆಗೆದಳು. ಒಳಗಿನ ಕೋಣೆಗಳಿಂದ ಬಗೆಬಗೆಯ ಅಳು ಕೇಳುತ್ತಿತ್ತು. “ಏನ್ ಮಾಮಾ, ವ್ಯಾನ್ ಮಾಮನ ಮಗಳೇ ಲೇಟಾ? ಚೆನ್ನಾಗಿದೆ!” ಎಂದು ನಕ್ಕಳು. ಅವಳಿಗೇನೂ ಗೊತ್ತಿರಲಿಲ್ಲ. ಕಾಳುವಿನ ಕೈ ಹಿಡಿದು, “ಅಬ್ಬಾ, ಇವಳು ಅಳ್ತಾನೇ ಇಲ್ಲ. ಎಷ್ಟು ಜಾಣೆ ನೋಡಿ,” ಎಂದಳು.

ಅತ್ತಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಅಳುವ ಮಗುವಿಗೆ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು.

ನಾಲ್ಕು ಹೆಜ್ಜೆ ಹೋದವಳು ತಿರುಗಿದಳು. “ಅಪ್ಪಾ, ವ್ಯಾನ್ ಚೆನ್ನಾಗಿ ಸರಿಮಾಡಿಸ್ಕೋ. ಮಧ್ಯಾಹ್ನ ಬರ್ಬೇಕಲ್ಲ.”

ಆ ಬೆಳಿಗ್ಗೆಯೆಲ್ಲ ಅವನು ಗೇಟಿನೆದುರೇ ವ್ಯಾನ್ ನಿಲ್ಲಿಸಿಕೊಂಡು ಕೂತಿದ್ದ. ಶೆಡ್ಡಿಗೆ ಹೋಗಲಿಲ್ಲ. ಅಜ್ಜಿ ಫೋನು ಮಾಡಿದ್ದಳೆನ್ನುವ ಮೆಸೇಜುಗಳ ಸಾಲನ್ನು ನೋಡಿದ, ಫೋನನ್ನು ಮತ್ತೆ ಡಬ್ಬಿಯೊಳಗಿಟ್ಟ. ಹೆಂಡತಿ ಕಟ್ಟಿಕೊಡುತ್ತಿದ್ದ ಹಾಗೆ ಕಟ್ಟಿಕೊಂಡಿದ್ದ ಬ್ರೆಡ್ಡು ಹಾಗೇ ಇತ್ತು. ನಡುನಡುವೆ ಹಾರ್ನಿನ ಮೇಲೆ ಬೆರಳಿಡುತ್ತಿದ್ದ, ಒತ್ತುತ್ತಿರಲಿಲ್ಲ.

ಮಧ್ಯಾಹ್ನ ಮಕ್ಕಳು ಬಂದರು. ನೀಲಿಯ ನಡುವೆ ಒಂದು ಕೆಂಪು. ಅವಳು ಹೇಳಿದ ಹಾಗೆಯೇ ಬೇಗ ಸಿಕ್ಕಳು. ರೇಡಿಯೋನ ಪಕ್ಕದಲ್ಲೇ ಅವಳಿಗೆ ಜಾಗ ಸಿಕ್ಕಿತು. ಗಾಡಿ ಹೊರಟು ಒಂದು ತಿರುವು ದಾಟಿರಲಿಲ್ಲ, ರೇಡಿಯೋ ಶುರುವಾಯಿತು.

“ನೀನ್ಯಾಕೆ ಕೆಂಪು?”

“ವ್ಯಾನ್ ಕೆಟ್ಟೋಗಿತ್ತು. ನಾನು ಕಲ್ಲಿನ ಮೇಲೆ ನಿಂತಿದ್ದೆ.”

“ವ್ಯಾನೇನೂ ಕೆಟ್ಟಿರ್ಲಿಲ್ಲ. ನಾವೆಲ್ಲ ವ್ಯಾನಲ್ಲೇ ಬಂದ್ವಿ. ಮಾಮ ನಿನ್ನ ಮರೆತೇಬಿಟ್ರು. ಆಯಮ್ಮ ಅತ್ರು.”

“ಲೋ, ಬಾಯ್ಮುಚ್ಚೋ ರೇಡಿಯೋ,” ಎಂದಳು ಆಯಾ. “ನಿನ್ನ ಬ್ಯಾಟರಿ ಕಿತ್ತು ಬಿಸಾಕ್ತೀನಿ.”

ಕಾಳು ಆಯಾಳ ಕಡೆ ನೋಡಲಿಲ್ಲ. “ಸುಳ್ಳು. ಅಪ್ಪನೇ ಹೇಳಿದ್ದು ಕೆಟ್ಟೋಗಿತ್ತು ಅಂತ,” ಎಂದಳು ರೇಡಿಯೋಗೆ. ಆಮೇಲೆ ಕತ್ತೆತ್ತಿ ಕನ್ನಡಿಯನ್ನು ನೋಡಿದಳು. ಅಪ್ಪನೊಡನೆ ವ್ಯಾನಿನಲ್ಲಿ ಮಾತಾಡುವುದು ಹೇಗೆಂದು ಅವಳು ಒಂದೇ ದಿನದಲ್ಲಿ ಕಲಿತಿದ್ದಳು. “ಅಲ್ವಾ ಅಪ್ಪಾ?”

ಕನ್ನಡಿಯಲ್ಲಿ ಎಲ್ಲ ಕಣ್ಣುಗಳೂ ಅವನ ಮೇಲಿದ್ದವು. ಅವನು ನೋಡಿದ್ದು ಎರಡನ್ನು ಮಾತ್ರ. ಹೌದು ಎಂದರೆ ಆ ಮಗು ನಂಬುತ್ತಿತ್ತು. ಹೌದು ಎನ್ನಲು ಬಾಯಿ ತೆರೆದ. ಬರಲಿಲ್ಲ. ಇಲ್ಲ ಎನ್ನಲೂ ಬರಲಿಲ್ಲ. ಕನ್ನಡಿಯಿಂದ ಕಣ್ಣು ತೆಗೆದು ರಸ್ತೆ ನೋಡಿದ.

“ನೋಡು,” ಎಂದ ರೇಡಿಯೋ. ಎಷ್ಟೆಂದರೂ ಅವನೂ ಮಗುವೇ. ತಾನೇನೋ ಒಡೆದೆ ಎನ್ನುವುದು ಅವನಿಗೂ ತಿಳಿದಿರಬೇಕು. ಸ್ವಲ್ಪ ದೂರ ಹೋದಮೇಲೆ ತನ್ನ ಬಿಸ್ಕತ್ತಿನ ಅರ್ಧ ಮುರಿದು ಅವಳ ಮುಂದೆ ಹಿಡಿದ. ಅವಳು ತೆಗೆದುಕೊಂಡಳು, ತಿನ್ನಲಿಲ್ಲ.

ಸಂಜೆ ಅವನು ನೀಲಿ ಲಂಗವನ್ನು ಒಗೆದು ಒಣಹಾಕಿದ. ಅವಳು ಮೆಟ್ಟಿಲಿನ ಮೇಲೆ ಕೂತು ನೋಡುತ್ತಿದ್ದಳು. ಅವನು ಕೈ ಒರೆಸಿಕೊಂಡು ಬಂದು ಒಂದು ಮೆಟ್ಟಿಲು ಕೆಳಗೆ, ಅವಳ ಮುಖಕ್ಕೆ ಎದುರಾಗಿ ಕೂತ. ಇಲ್ಲಿ ಕನ್ನಡಿ ಇರಲಿಲ್ಲ.

“ಪುಟ್ಟಾ, ವ್ಯಾನ್ ಕೆಟ್ಟಿರ್ಲಿಲ್ಲ. ಅಂದ್ರೆ, ಬೆಳಿಗ್ಗೆ ಶೆಡ್ಡಲ್ಲಿ ಕೆಟ್ಟಿತ್ತು. ಆಮೇಲೆ ಸರಿಯಾಯ್ತು. ನಾನೇ...”

“ಗೊತ್ತು,” ಎಂದಳು ಕಾಳು.

ಒಣಹಾಕಿದ ಲಂಗದಿಂದ ನೀರು ಹನಿಯುತ್ತಿತ್ತು. ಅವಳು ಅದನ್ನೇ ನೋಡುತ್ತ ಕೇಳಿದಳು: “ಅಮ್ಮನ್ನೂ ಮರೆತ್ಯಾ?”

“ಇಲ್ಲ. ಇಲ್ಲ ಕಂದಾ.”

ಮುಂದಿನ ಪ್ರಶ್ನೆ ಏನೆಂದು ಅವನಿಗೆ ಗೊತ್ತಿತ್ತು, ಮತ್ತೆ ನನ್ನ ಹೇಗೆ ಮರೆತೆ ಎಂದು. ಅವಳು ಕೇಳಲಿಲ್ಲ. ಎದ್ದು ಒಳಗೆ ಹೋದಳು. ಅಮ್ಮನ ಸ್ಟೇರಿಂಗ್ ಆಗಿದ್ದ ಪಾತ್ರೆಯ ಮುಚ್ಚಳ ಅಡುಗೆಮನೆಯ ಗೋಡೆಗೆ ಒರಗಿ ನಿಂತಿರುತ್ತಿತ್ತು, ಅವಳ ಕೈಗೆ ಸಿಗುವ ಹಾಗೆ. ಆ ಸಂಜೆ ಅವನು ಒಳಗೆ ಹೋಗಿ ನೋಡಿದಾಗ ಅದು ಪಾತ್ರೆಯ ಮೇಲಿತ್ತು.

ಮರುದಿನ ಬೆಳಿಗ್ಗೆ ಅವನು ಏಳುವಾಗ ಪಕ್ಕದಲ್ಲಿ ಮಗು ಇರಲಿಲ್ಲ. ಎದ್ದು ಕೂತು ಸುತ್ತ ನೋಡಿದ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಇನ್ನೂ ಸರಿಯಾಗಿ ಒಣಗದ ಲಂಗ ಹಾಕಿಕೊಂಡು, ಬೂಟನ್ನು ಅದಲುಬದಲು ಮೆಟ್ಟಿಕೊಂಡು, ಚೀಲ ಬೆನ್ನಿಗೆ ಹಾಕಿಕೊಂಡು. ಅವಳು ಎದ್ದು ಸರಿಯದೆ ಯಾರೂ ಆ ಬಾಗಿಲು ತೆರೆಯುವಂತಿರಲಿಲ್ಲ.

“ಇಷ್ಟು ಬೇಗ ಯಾಕೆ ಎದ್ದೆ ಪುಟ್ಟಾ? ಮಲಗು. ನಾನು ವ್ಯಾನ್ ತಗೊಂಡು ಮೊದ್ಲು ಇಲ್ಲಿಗೇ ಬರ್ತೀನಿ. ಇವತ್ತು ಖಂಡಿತ. ಹಾರ್ನ್ ಹೊಡೀತೀನಿ.”

“ಬೇಡ,” ಎಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ದೊಡ್ಡವರು ಚಿಕ್ಕವರಿಗೆ ತಿಳಿಸಿ ಹೇಳುವ ಹಾಗಿತ್ತು. “ನಾನೂ ಶೆಡ್ಡಿಗೇ ಬರ್ತೀನಿ. ಆಗ ನಿಂಗೆ ಮರೆತುಹೋಗಲ್ಲ.”

“ವ್ಯಾನ್ ಮಕ್ಕಳು ಶೆಡ್ಡಿಗೆ ಹೋಗಲ್ಲ ಅಂದಿದ್ಯಲ್ಲ.”

“ನಾನು ವ್ಯಾನ್ ಮಕ್ಕಳಲ್ಲ,” ಎಂದಳು ಕಾಳು.

ಅವನು ಬಗ್ಗಿ ಅವಳ ಬೂಟುಗಳನ್ನು ಬಿಚ್ಚಿ ಸರಿಯಾದ ಕಾಲಿಗೆ ಹಾಕಿದ. ಇಬ್ಬರೂ ಮೆಟ್ಟಿಲಿಳಿದರು. ಕಲ್ಲಿನ ಮೇಲೆ ಬಂದಾಗ ಅವಳು ನಿಲ್ಲುತ್ತಾಳೇನೋ ಎಂದು ನೋಡಿದ. ಅವಳು ಅದನ್ನು ದಾಟಿ ಬೀದಿಗಿಳಿದು ಅವನ ಬೆರಳು ಹಿಡಿದಳು.

ಶೆಡ್ಡಿನಲ್ಲಿ ಟಯರ್ ಅಂಗಡಿಯವನು, “ಓಹೋ, ಇವತ್ತು ಕಂಡಕ್ಟರಮ್ಮನೂ ಬಂದ್ರು! ಗಾಡಿ ಹೆದರ್ಕೊಂಡು ತಾನಾಗೇ ಏಳತ್ತೆ,” ಎಂದ. ನಿಜಕ್ಕೂ ಒಂದೇ ಸಲಕ್ಕೆ ಎದ್ದಿತು. ಅವಳು ಅವನ ಜೊತೆ ಬಗ್ಗಿ ನಾಲ್ಕೂ ಚಕ್ರದಡಿ ನೋಡಿದಳು. ಮುಂದಿನ ಸೀಟಿಗೆ ಹತ್ತಿಸಿ ಪಟ್ಟಿ ಬಿಗಿದಾಗ, ಬಾಗಿಲು ಮುಚ್ಚುವ ಮೊದಲು ಕೈ ತಲೆಯ ಮೇಲಿಟ್ಟುಕೊಂಡಳು. ಕನ್ನಡಿಯಲ್ಲಿ ಅವಳು ಕಾಣುತ್ತಿರಲಿಲ್ಲ. ಆ ಸೀಟು ಕನ್ನಡಿಗೆ ಸಿಗುವುದಿಲ್ಲ. ಅವಳನ್ನು ನೋಡಬೇಕಾದರೆ ಅವನು ಕತ್ತು ತಿರುಗಿಸಬೇಕಿತ್ತು.

ನೀರಿನ ಟ್ಯಾಂಕು ಬಂತು. ಅವನು ಬಲಕ್ಕೆ ತಿರುಗಿಸಿದ.

“ಅಪ್ಪಾ, ಈ ಕಡೆ ಅಲ್ಲ,” ಎಂದಳು ಕಾಳು. “ಆಯಮ್ಮ ಆ ಕಡೆ ಇರೋದು.”

“ಗೊತ್ತು,” ಎಂದ ಅವನು.

ಬೀದಿಯಲ್ಲಿ ಯಾರೂ ಇರಲಿಲ್ಲ. ಮನೆಯ ಮುಂದೆ ಗಾಡಿ ನಿಲ್ಲಿಸಿದ. ಕಲ್ಲಿನ ಮೇಲೆ ನಿನ್ನೆಯ ಕಲೆ ಇರಲಿಲ್ಲ, ಅಜ್ಜಿ ನೀರು ಹಾಕಿ ತಿಕ್ಕಿದ್ದಳು. ಅವನು, ಹೆಂಡತಿ ಮಾತು ಕೊಟ್ಟಿದ್ದ ಹಾಗೆ, ಹಾರ್ನ್ ಒತ್ತಿದ. ಒಂದು ಸಲ. ಇನ್ನೊಂದು ಸಲ.

ಕಾಳು ಕತ್ತು ಚಾಚಿ ಕಿಟಕಿಯಿಂದ ಹೊರಗೆ ನೋಡಿದಳು. ಕಲ್ಲನ್ನು ನೋಡಿದಳು, ಮೆಟ್ಟಿಲನ್ನು ನೋಡಿದಳು, ಅಪ್ಪನ ಕಡೆ ತಿರುಗಿದಳು.

“ಯಾರಿಗಪ್ಪಾ? ಅಲ್ಲಿ ಯಾರೂ ಇಲ್ವಲ್ಲ.”

ಅಜ್ಜಿಯ ಕಿಟಕಿ ತೆರೆದುಕೊಂಡಿತು. ಅಜ್ಜಿ ಬೈಯಲು ಬಾಯಿ ತೆರೆದವಳು, ಮುಂದಿನ ಸೀಟಿನಲ್ಲಿ ಮಗುವನ್ನು ಕಂಡು ಹಾಗೇ ನಿಂತಳು. ಅವನು ಗೇರು ಹಾಕಿ ಗಾಡಿ ತಿರುಗಿಸಿದ.